ಮಕ್ಕಳಿಂದ ದೊಡ್ಡವರ ಕ್ರೈಸ್ತ ನಂಬಿಕೆ ಬದಲಾಗುತ್ತದಾ?

ಬದಲಾಗುತ್ತದೆ, ಜಾಸ್ತಿ ಮಕ್ಕಳ ಹಟದಿಂದಲೇ. ಮಂಗಳೂರು ಕಡೆಯ ಕ್ಯಾಥೊಲಿಕರ ಮೊಂತಿ ಹಬ್ಬವನ್ನೇ ನೋಡಿ, ಅದು ಏಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಸೆಪ್ಟೆಂಬರ್ 8ಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂ ಹಿಡಿದು ಚರ್ಚಿಗೆ ಹೋಗಿ ಬಾಲ ಮರಿಯಮ್ಮನ ಮೂರ್ತಿಗೆ ಹಾಕುತ್ತಾರೆ. ಆ ಮಳೆಯಲ್ಲಿ ಹೂ ಎಲ್ಲಿ ಸಿಗಬೇಕು? ಅಪ್ಪ ಬೇಲಿ ಬೇಲಿ ಹುಡುಕಬೇಕು, ಅಮ್ಮ ಕೊಡೆ ಹಿಡಿದು ಜೊತೆಗೆ ಹೋಗಬೇಕು, ಹಾಗೆ ಹೋಗಿ ಹೋಗಿ ಭಾನುವಾರದ ಪೂಜೆ ಬಿಟ್ಟವರೂ ಹಿಂದಿನ ಬೆಂಚಲ್ಲಿ ಕೂತಿರುತ್ತಾರೆ. ಮೊದಲ ಪರಮಪ್ರಸಾದದ, ಅಂದರೆ ಮಗು ಚರ್ಚಿನಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ದಿನದ, ತಯಾರಿಯೂ ಅಷ್ಟೇ. ಮಗುವಿನ ಜಪ ತಿದ್ದೋಕೆ ಹೋದ ಅಪ್ಪನಿಗೇ ಅರ್ಧ ಮರೆತಿರುತ್ತದೆ (ಪಾಪ!). "ಪಪ್ಪಾ, ನೀವ್ಯಾಕೆ ಪಾಪನಿವೇದನೆಗೆ ಹೋಗಲ್ಲ?" (ಅಂದರೆ ಪಾದ್ರಿ ಹತ್ತಿರ ಪಾಪ ಹೇಳಿಕೊಳ್ಳೋಕೆ) ಅಂತ ಕೇಳಿದರಂತೂ ಬಾಯಿ ಬಂದ್. ಕೆಲವರು ಆ ನೆಪದಲ್ಲಿ ಸುಮ್ನೆ ಹೋಗಿ ಬರುತ್ತಾರೆ, ಇನ್ನು ಕೆಲವರು ಹಬ್ಬ ಮುಗಿದ ಮೇಲೆ ಮತ್ತೆ ನಾಪತ್ತೆ.