ಗುಜರಿಯಿಂದ ತಂದ ಲಾರಿ ಬಾಗಿಲಿಗೆ ಹಳೇ ಚಾವಿ ಹೊಂದುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹಳೇ ಟಾಟಾ 407, ಎರಡೂ ಬಾಗಿಲಿನ ತಳ ತುಕ್ಕು ಹಿಡಿದು ಉದುರಿದೆ, ಗುಜರಿಯಲ್ಲಿ ಎರಡು ಬಾಗಿಲು ತಂದಿದ್ದೀರಿ. ಒಂದಕ್ಕೆ ಬೇರೆ ಚಾವಿ, ಇನ್ನೊಂದಕ್ಕೆ ಚಾವಿಯೇ ಇಲ್ಲ. ಇನ್ನು ಮೇಲೆ ಮನೆ ಯಜಮಾನಿ ಹಾಗೆ ಚಾವಿ ಗೊಂಚಲು ಸಿಕ್ಕಿಸಿಕೊಂಡು ಓಡಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಹಳೇ ಬಾಗಿಲಿನ ಲಾಕ್ ಬಿಚ್ಚಿ ಹೊಸ ಬಾಗಿಲಿಗೆ ಹಾಕಿ. ಚಾವಿ ನೀವು ಈಗ ಬಳಸುವುದೇ ಇರುತ್ತದೆ.

ಹಳೇ ಬಾಗಿಲು ಇನ್ನೂ ನಿಮ್ಮ ಹತ್ತಿರ ಇವೆ ತಾನೆ? ನಾನು ಎಡವಿದ್ದು ಇಲ್ಲೇ. ನಮ್ಮದೂ 407, ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರುವ ಗಾಡಿ. ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಬಾಗಿಲು ಬದಲಿಸಿದೆ, ಹೊಸದು ಚೆನ್ನಾಗಿ ಕೂತ ಖುಷಿಯಲ್ಲಿ ಹಳೇದನ್ನು ಲಾಕ್ ಸಮೇತ ಕಿಲೋ ಲೆಕ್ಕದಲ್ಲಿ ಮಾರಿಬಿಟ್ಟೆ. ರಾತ್ರಿ ಗಾಡಿ ನಿಲ್ಲಿಸಿ ಕೀಲಿ ಹಾಕಲು ಹೋದಾಗ ತಲೆಗೆ ಹೊಳೆಯಿತು. ಬೆಳಗ್ಗೆ ಎದ್ದು ಓಡಿದರೆ ಒಂದು ಬಾಗಿಲು ಸಿಕ್ಕಿತು, ಇನ್ನೊಂದನ್ನು ಆಗಲೇ ಕತ್ತರಿಸಿ ಹಾಕಿದ್ದರು. ಸಿಕ್ಕ ಬಾಗಿಲಿನ ಬರೀ ಲಾಕಿಗೆ ಗುಜರಿಯವನು ಕೇಳಿದ ದುಡ್ಡು, ನನಗೆ ಪೂರ್ತಿ ಬಾಗಿಲಿಗೆ ಬಂದದ್ದಕ್ಕಿಂತ ಜಾಸ್ತಿ!

ಈಗ ಕೆಲಸಕ್ಕೆ ಬರೋಣ. ಮೊದಲು ಗ್ಲಾಸ್ ಪೂರ್ತಿ ಮೇಲೆ ಏರಿಸಿ, ಆಗ ಒಳಗೆ ಕೈ ಆಡಿಸಲು ಜಾಗ ಸಿಗುತ್ತದೆ. ಗ್ಲಾಸ್ ತಿರುಗಿಸುವ ಹ್ಯಾಂಡಲ್‌ಗೆ ಸ್ಕ್ರೂ ಕಾಣದಿದ್ದರೆ ಅದರ ಹಿಂದೆ ಕ್ಲಿಪ್ ಇರುತ್ತದೆ ಅಂತ ತಿಳಿಯಿರಿ. ಹಳೇ ಬನಿಯನ್ ಹರಿದು ಉದ್ದ ಪಟ್ಟಿ ಮಾಡಿ, ಹ್ಯಾಂಡಲ್ ಹಿಂದೆ ತೂರಿಸಿ, ಬೂಟ್ ಪಾಲಿಶ್ ಮಾಡುವವರು ಬಟ್ಟೆ ಎಳೆದಾಡುತ್ತಾರಲ್ಲ, ಹಾಗೆ ಎರಡು ಕಡೆ ಎಳೆಯಿರಿ. ಕ್ಲಿಪ್ ಟಕ್ ಅಂತ ಹಾರುತ್ತದೆ. ಎಲ್ಲಿಗೆ ಹಾರಿತು ಅಂತ ನೋಡಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಒಳಗಿನ ರಟ್ಟು ತೆಗೆದ ಮೇಲೆ ಲಾಕಿನ ಹಿಂಭಾಗ ಕಾಣುತ್ತದೆ. ಬಹಳಷ್ಟು ಹಳೇ ಗಾಡಿಗಳಲ್ಲಿ ಅದನ್ನು ಹಿಡಿದಿರುವುದು ಕುದುರೆ ಲಾಳದ ಆಕಾರದ ಒಂದು ತಗಡಿನ ಕ್ಲಿಪ್. ಅದನ್ನು ಸ್ಕ್ರೂಡ್ರೈವರ್‌ನಿಂದ ಪಕ್ಕಕ್ಕೆ ತಳ್ಳಿದರೆ ಲಾಕ್ ಹೊರಗಡೆಯಿಂದ ಕೈಗೆ ಬರುತ್ತದೆ. ಕೆಲವು ಹ್ಯಾಂಡಲ್‌ಗಳಲ್ಲಿ ಒತ್ತುವ ಗುಂಡಿಯೊಳಗೇ ಲಾಕ್ ಇರುತ್ತದೆ. ಅಂಥದ್ದಾದರೆ ತಲೆ ಕೆಡಿಸಿಕೊಳ್ಳದೆ ಹ್ಯಾಂಡಲ್ ಸಮೇತ ಬದಲಿಸಿ. ಲಾಕ್ ಕೆಳಗಿನ ರಬ್ಬರ್ ವಾಷರ್ ಬಿಸಾಡಬೇಡಿ, ಅದಿಲ್ಲದಿದ್ದರೆ ಮಳೆ ನೀರು ಒಳಗೆ ಇಳಿದು ಹೊಸ ಬಾಗಿಲೂ ತಳದಿಂದ ತುಕ್ಕು ಹಿಡಿಯುತ್ತದೆ.

ಎಡದ್ದು ಬಲದ್ದು ಅಂತ ಚೀಟಿ ಕಟ್ಟಿಡಿ. ನೋಡಲು ಎರಡೂ ಒಂದೇ ಥರ, ಆದರೆ ಹಿಂದಿನ ನಾಲಿಗೆಯಂಥ ಪಟ್ಟಿ ಒಂದಕ್ಕೊಂದು ಉಲ್ಟಾ ತಿರುಗುವಂಥದ್ದಾಗಿರಬಹುದು. ಅದಲು ಬದಲಾದರೆ ಚಾವಿ ತಿರುಗುತ್ತದೆ, ಬಾಗಿಲು ಮಾತ್ರ ಲಾಕ್ ಆಗುವುದಿಲ್ಲ.

ನನ್ನ ಹಾಗೆ ಒಂದು ಲಾಕ್ ಕಳೆದುಕೊಂಡಿದ್ದರೂ ದಾರಿ ಇದೆ. ಗುಜರಿ ಬಾಗಿಲಿನ ಲಾಕನ್ನೇ ನಿಮ್ಮ ಚಾವಿಗೆ ಹೊಂದಿಸಬಹುದು. ಲಾಕಿನ ಒಳಗೆ ತೆಳ್ಳಗಿನ ಹಿತ್ತಾಳೆ ಬಿಲ್ಲೆಗಳು ಸಾಲಾಗಿ ಇರುತ್ತವೆ, ಪ್ರತಿಯೊಂದಕ್ಕೂ ಒಂದು ಪುಟ್ಟ ಸ್ಪ್ರಿಂಗ್. ಸರಿಯಾದ ಚಾವಿ ಹೊಕ್ಕರೆ ಎಲ್ಲ ಬಿಲ್ಲೆಗಳೂ ಸಮನಾಗಿ ಒಳಗೆ ಸರಿಯುತ್ತವೆ, ಆಗ ಮಾತ್ರ ಲಾಕ್ ತಿರುಗುತ್ತದೆ. ನಿಮ್ಮ ಚಾವಿಯ ಹಲ್ಲಿಗೆ ತಕ್ಕಂತೆ ಬಿಲ್ಲೆಗಳ ಜಾಗ ಬದಲಿಸಿದರೆ ಅದೇ ಚಾವಿಗೆ ಲಾಕ್ ಒಪ್ಪಬಹುದು, ಆದರೆ ಚಾವಿ ಲಾಕಿನ ತೂತಿನಲ್ಲಿ ಹೊಗುವಂಥ ಅಳತೆಯದ್ದಾಗಿರಬೇಕು. ಹಿಂದಿನ ಕ್ಲಿಪ್ ತೆಗೆದು ಒಳಗಿನ ದಿಂಡು ಹೊರಗೆ ಎಳೆಯುವಾಗ, ಆ ಲಾಕಿಗೆ ಚಾವಿ ಇದ್ದರೆ ಅದನ್ನು ಒಳಗೇ ಬಿಡಿ. ಬರಿದೇ ಎಳೆದರೆ ಬಿಲ್ಲೆ ಸ್ಪ್ರಿಂಗ್ ಎಲ್ಲ ಜೋಳದ ಅರಳಿನ ಹಾಗೆ ಚಿಮ್ಮುತ್ತವೆ. ನಾನು ಗ್ಯಾರೇಜಿನ ಮಣ್ಣಿನಲ್ಲಿ ಮಂಡಿಯೂರಿ ಒಂದು ಸ್ಪ್ರಿಂಗ್ ಹುಡುಕಿದ್ದೇನೆ, ಅಯಸ್ಕಾಂತ ತಂದು ಕೊನೆಗೆ ಸಿಕ್ಕಿತು. ಇದೆಲ್ಲ ಬೇಡ ಅಂದರೆ ಲಾಕ್ ಮತ್ತು ಚಾವಿ ಎರಡನ್ನೂ ಕೀಲಿ ರಿಪೇರಿಯವರಿಗೆ ಕೊಡಿ. ಹೊಂದದ ಬಿಲ್ಲೆಯನ್ನು ಅರದಿಂದ ಸವರಿ ಕೊಡ್ತೀವಿ ಅನ್ನುತ್ತಾರೆ. ಒಂದೆರಡಾದರೆ ಹೂಂ ಅನ್ನಿ. ಎಲ್ಲವನ್ನೂ ಸವರಿದರೆ ಮೊಳೆ ಹಾಕಿದರೂ ತೆರೆಯುತ್ತದೆ. (ಹುಬ್ಬಳ್ಳಿ ಕಡೆ ಬೀಗಕ್ಕೆ ಕೀಲಿ ಅಂತಾರೆ, ಇವರನ್ನು ಬೀಗ ರಿಪೇರಿಯವರು ಅಂತ ಕೇಳಿಕೊಂಡು ಹೋಗಬೇಡಿ. ನಮ್ಮ ಮೈಸೂರಿನ ಗೆಳೆಯ ಬೀಗ ಕೆಟ್ಟಿದೆ ಅಂದಾಗ ಮಿಸ್ತ್ರಿ, ಯಾಕೆ, ಬೀಗರ ಜೊತೆ ಜಗಳಾನಾ ಅಂದಿದ್ದ.)

ಡೂಪ್ಲಿಕೇಟ್ ಚಾವಿ ಮಾಡಿಸುವುದಾದರೆ ಸವೆದ ಚಾವಿ ಕೊಡಬೇಡಿ. ಸವೆದದ್ದರ ನಕಲು ಅದಕ್ಕಿಂತ ಕೆಟ್ಟದಾಗಿರುತ್ತದೆ. ಮನೆಯಲ್ಲಿ ಬಳಸದೇ ಇಟ್ಟ ಎರಡನೇ ಚಾವಿ ಇದ್ದರೆ ಅದನ್ನು ಹುಡುಕಿ.

ಇನ್ನು ಪೇಂಟ್. ಲಾಕ್ ಹಾಕಿ ನೋಡುವುದು ಪೇಂಟಿಗೆ ಮೊದಲು. ತೂತು ಹೊಂದದೆ ಅರ ಹಾಕಬೇಕಾಗಿ ಬಂದರೆ ಹೊಸ ಬಣ್ಣ ಕೆಡುತ್ತದೆ ಅಲ್ವಾ? ಆಮೇಲೆ ಬಿಚ್ಚಿಟ್ಟು ಪೇಂಟ್ ಹೊಡೆಸಿ, ಬಿಚ್ಚಲು ಸೋಮಾರಿತನವಾದರೆ ಚಾವಿ ತೂತಿಗೆ ಟೇಪ್ ಆದರೂ ಅಂಟಿಸಿ.

ಎಲ್ಲ ಜೋಡಿಸಿದ ಮೇಲೆ ಬಾಗಿಲನ್ನು ಸುಮ್ನೆ ಧಡ್ ಅಂತ ಹಾಕಿಬಿಡಬೇಡಿ. ಬಾಗಿಲು ತೆರೆದೇ ಇರಲಿ. ಅಂಚಿನಲ್ಲಿರುವ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಬಾಗಿಲು ಹಾಕಿದಂತೆ ಕೂರಿಸಿ. ಚಾವಿ ತಿರುಗಿಸಿ ಲಾಕ್ ಮಾಡಿ, ಹ್ಯಾಂಡಲ್ ಎಳೆದರೆ ಕೊಕ್ಕೆ ಬಿಡಬಾರದು. ಲಾಕ್ ತೆಗೆದು ಹೊರಗಿನಿಂದಲೂ ಒಳಗಿನಿಂದಲೂ ಎಳೆದರೆ ಬಿಡಬೇಕು. ನಮ್ಮ ಗಾಡಿಯಲ್ಲಿ ಬಾಗಿಲೊಳಗೆ ಕೊಕ್ಕೆಗೆ ಸೇರುವ ಒಂದು ರಾಡ್ ಸಿಕ್ಕಿಸುವುದನ್ನು ಮರೆತಿದ್ದರು, ಹುಡುಗ ಬಾಗಿಲು ಹಾಕಿದ, ಮುಗಿಯಿತು, ಯಾವ ಕಡೆಯಿಂದಲೂ ತೆರೆಯಲಿಲ್ಲ. ಆಚೆ ಬಾಗಿಲಿನಿಂದ ಒಳಗೆ ತೂರಿ, ಸೀಟಿನ ಮೇಲೆ ಅಡ್ಡ ಮಲಗಿ ರಟ್ಟು ಬಿಚ್ಚಿದೆವು, ಅರ್ಧ ದಿನ ಹೋಯಿತು.

ತೆರೆದಾಗ ಸರಿ ಇದ್ದು, ಹಾಕಿದಾಗ ಮಾತ್ರ ಚಾವಿ ಬಿಗಿಯಾದರೆ ಲಾಕಿಗೆ ಬೈಯಬೇಡಿ. ಬಾಗಿಲು ಜೋತುಬಿದ್ದಿದೆ. ಕೀಲು ಸವೆದಿದೆಯಾ ನೋಡಿ, ಇಲ್ಲದಿದ್ದರೆ ಕ್ಯಾಬಿನ್ ಕಡೆ ಕೊಕ್ಕೆ ಕೂರುವ ತುಂಡನ್ನು ಸಡಿಲ ಮಾಡಿ ಸ್ವಲ್ಪ ಮೇಲೆ ಕೆಳಗೆ ಸರಿಸಿ ಬಿಗಿ ಮಾಡಿ.

ಚಾವಿ ತೂತಿಗೆ ಎಂಜಿನ್ ಆಯಿಲ್ ಬಿಡಬೇಡಿ, ನಮ್ಮ ರಸ್ತೆಯ ಧೂಳು ಸೇರಿ ಕೆಸರಾಗುತ್ತದೆ. ಗ್ರಾಫೈಟ್ ಪುಡಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮಕ್ಕಳ ಪೆನ್ಸಿಲ್ ತೆಗೆದುಕೊಂಡು ಚಾವಿಯ ಎರಡೂ ಬದಿಗೆ ಚೆನ್ನಾಗಿ ಉಜ್ಜಿ, ನಾಲ್ಕಾರು ಸಲ ಒಳಗೆ ಹೊರಗೆ ಮಾಡಿ.