ಸಾರ್ವಜನಿಕ ನೀತಿಯೋ, ಪರಿಸರ ನಿರ್ವಹಣೆಯೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದೆ. ಒಂದು ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ, ಎಂಪಿಪಿ. ಇನ್ನೊಂದು ಪರಿಸರ ನಿರ್ವಹಣೆಯದು, ಎಂಇಎಂ. ಎರಡೂ ಎರಡು ವರ್ಷದ ಕೋರ್ಸು. ಮುಂದೆ ನೀರಿನ ಮಾಲಿನ್ಯದ ಕ್ಷೇತ್ರದಲ್ಲಿ ಕೆಲಸ ಮಾಡಬೇಕೆಂದಿದ್ದೇನೆ. ಪರಿಚಯಪುಸ್ತಿಕೆ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ನಿಜವಾದ ವ್ಯತ್ಯಾಸ ಏನು?

ಉತ್ತರ: ಪರಿಚಯಪುಸ್ತಿಕೆಯಲ್ಲಿ ಅದು ಸಿಗುವುದಿಲ್ಲ. ನಾಯಕತ್ವ, ಸುಸ್ಥಿರತೆ, ಬಹುಶಿಸ್ತೀಯ ಎಂಬ ಮಾತುಗಳು ಎರಡರಲ್ಲೂ ತುಂಬಿರುತ್ತವೆ. ವ್ಯತ್ಯಾಸ ಗೊತ್ತಾಗುವುದು ಹೋಮ್‌ವರ್ಕ್‌ನಲ್ಲಿ. ನಿಮ್ಮ ವಿಷಯವನ್ನೇ ಹಿಡಿಯೋಣ: ರಂಜಕ ಹೆಚ್ಚಾಗಿ ಪ್ರತಿ ಬೇಸಿಗೆಯಲ್ಲೂ ಪಾಚಿ ಕಟ್ಟುವ ಒಂದು ಸರೋವರ.

ಎಂಇಎಂ ತರಗತಿ ಮೊದಲು ಕೇಳುವುದು, ರಂಜಕ ಎಲ್ಲಿಂದ, ಎಷ್ಟು, ಯಾವಾಗ ಬರುತ್ತಿದೆ ಎಂದು. ಸಾಂದ್ರತೆಯನ್ನು ಹರಿವಿನಿಂದ ಗುಣಿಸಿದರೆ ಉತ್ತರದ ಮೊದಲ ಅಂದಾಜು ಸಿಗುತ್ತದೆ. ಮಳೆಯಿಲ್ಲದ ದಿನ ಹೊಳೆಯಲ್ಲಿ ಸೆಕೆಂಡಿಗೆ 2 ಘನ ಮೀಟರ್ ನೀರು, ಅದರಲ್ಲಿ ಲೀಟರಿಗೆ 0.1 ಮಿಲಿಗ್ರಾಂ ರಂಜಕ ಇದೆ ಎಂದುಕೊಳ್ಳಿ. ದಿನಕ್ಕೆ ಸುಮಾರು 17 ಕಿಲೋ ಸರೋವರಕ್ಕೆ ಸೇರಿತು. ಜೋರು ಮಳೆಯ ದಿನ ಹರಿವು 20 ಘನ ಮೀಟರ್‌ಗೆ, ಸಾಂದ್ರತೆ 0.5 ಮಿಲಿಗ್ರಾಂಗೆ ಏರಿದರೆ ಅದೇ ಹೊಳೆ ಒಂದೇ ದಿನದಲ್ಲಿ 864 ಕಿಲೋ ತಂದು ಸುರಿಯುತ್ತದೆ. ಅಂದರೆ ಒಂದು ಮಳೆಯ ದಿನ 50 ಒಣ ದಿನಗಳಿಗೆ ಸಮ. ತಿಂಗಳಿಗೊಮ್ಮೆ, ನಿಗದಿತ ದಿನದಲ್ಲಿ ಮಾದರಿ ಸಂಗ್ರಹಿಸುವವರ ಅಂದಾಜು ದಾರಿ ತಪ್ಪುವುದು ಇಲ್ಲಿಯೇ: ಬಹುಪಾಲು ರಂಜಕ ಬಂದ ದಿನ ಅವರ ಬಾಟಲಿಗೆ ಸಿಕ್ಕಿರುವುದೇ ಇಲ್ಲ. ಇನ್ನೂ ಒಂದು ತೊಡಕಿದೆ. ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗ, ಹೂಳಿನಲ್ಲಿ ಕಬ್ಬಿಣದೊಂದಿಗೆ ಬಂಧಿಯಾಗಿದ್ದ ಹಳೆಯ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಹೊರಗಿನ ಹರಿವನ್ನು ಪೂರ್ತಿ ನಿಲ್ಲಿಸಿದರೂ ಪಾಚಿ ವರ್ಷಗಟ್ಟಲೆ ಮುಂದುವರಿಯಬಹುದು. ಇಂಥದ್ದನ್ನು ಗುರುತಿಸಲು ಪರಿಸರ ವಿಜ್ಞಾನ, ಜಲವಿಜ್ಞಾನ, ಸಂಖ್ಯಾಶಾಸ್ತ್ರ, ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ನಕ್ಷೆಗಳನ್ನು ಕಲಿಸುತ್ತಾರೆ.

ಎಂಪಿಪಿ ತರಗತಿ ಇದೇ ಸರೋವರವನ್ನು ಬೇರೆ ಕಡೆಯಿಂದ ನೋಡುತ್ತದೆ. ಯಾರನ್ನು ನಿಯಂತ್ರಿಸಲು ಕಾನೂನಿನಲ್ಲಿ ಅಧಿಕಾರವಿದೆ? ಅಮೆರಿಕದ 1972ರ ಕ್ಲೀನ್ ವಾಟರ್ ಆಕ್ಟ್ ಪ್ರಕಾರ ಕಾರ್ಖಾನೆ ಅಥವಾ ಚರಂಡಿನೀರು ಘಟಕ ಕೊಳವೆ ಮೂಲಕ ನೀರು ಬಿಡಲು ಪರವಾನಗಿ ಬೇಕು. ಹೊಲಗಳಿಂದ ಹರಿದುಬರುವ ಮಳೆನೀರು ಆ ಪರವಾನಗಿಯ ವ್ಯಾಪ್ತಿಗೆ ಬರುವುದಿಲ್ಲ. ಹಾಗಾದರೆ ರೈತರಿಗೆ ಸಹಾಯಧನ ಕೊಡಬೇಕೋ, ಗೊಬ್ಬರದ ಮೇಲೆ ತೆರಿಗೆ ಹಾಕಬೇಕೋ, ಚರಂಡಿನೀರು ಘಟಕವೇ ರೈತರಿಗೆ ಹಣ ಕೊಟ್ಟು ಅವರ ಕಡೆಯಿಂದ ರಂಜಕ ತಗ್ಗಿಸಿಕೊಳ್ಳಲು ಬಿಡಬೇಕೋ? ಯಾರ ಜೇಬಿನಿಂದ ಎಷ್ಟು ಹೋಗುತ್ತದೆ, ಯಾವ ಶಾಸಕರು ವಿರೋಧಿಸುತ್ತಾರೆ, ಜಾರಿಗೆ ಸಿಬ್ಬಂದಿ ಎಲ್ಲಿದ್ದಾರೆ?

ಆಮೇಲೆ ಬರುವುದು ವೆಚ್ಚ-ಲಾಭದ ಲೆಕ್ಕ. ಪರಿಸರದವರು ಸೋಲುವುದು ಹೆಚ್ಚಾಗಿ ಈ ಹಂತದಲ್ಲಿ. 50 ವರ್ಷದ ನಂತರ ಸಿಗುವ 100 ಡಾಲರ್ ಲಾಭಕ್ಕೆ ಶೇ 3ರ ರಿಯಾಯಿತಿ ದರದಲ್ಲಿ (ಮುಂದೆ ಸಿಗುವ ಲಾಭದ ಬೆಲೆಯನ್ನು ವರ್ಷಕ್ಕೆ ಇಷ್ಟು ಎಂದು ತಗ್ಗಿಸುವ ದರ) ಇಂದಿನ ಬೆಲೆ ಸುಮಾರು 22.8 ಡಾಲರ್, ಶೇ 7ರಲ್ಲಿ ಕೇವಲ 3.4. ಅಮೆರಿಕ ಸರ್ಕಾರದ ಬಜೆಟ್ ಕಚೇರಿ 2003ರ ಎ-4 ಸುತ್ತೋಲೆಯಲ್ಲಿ ಎರಡೂ ದರಗಳಲ್ಲಿ ಲೆಕ್ಕ ಒಪ್ಪಿಸಿ ಎಂದಿತ್ತು. ಸರೋವರದ ವಿಜ್ಞಾನ ಎಷ್ಟೇ ಗಟ್ಟಿಯಿರಲಿ, ಈ ಒಂದು ಅಂಕಿಯ ಬಗ್ಗೆ ವಾದ ಮಾಡಲು ಬಾರದವರ ಯೋಜನೆ ವರದಿಯ ಕೊನೆಯ ಕೋಷ್ಟಕದಲ್ಲಿ ಬಿದ್ದುಹೋಗುತ್ತದೆ.

ಈ ಎರಡರಲ್ಲಿ ಯಾವ ಹೋಮ್‌ವರ್ಕ್ ಮಾಡುತ್ತ ರಾತ್ರಿ ಹತ್ತಾದದ್ದು ನಿಮಗೆ ಗೊತ್ತಾಗುವುದಿಲ್ಲವೋ ಅದೇ ನಿಮ್ಮ ಪದವಿ. ಕೋರ್ಸಿನ ಹೆಸರಿಗಿಂತ ಅದರ ಕೊನೆಯ ಯೋಜನೆಯನ್ನು ನೋಡಿ. ಹಾರ್ವರ್ಡ್‌ನ ಕೆನೆಡಿ ಸ್ಕೂಲಿನ ಎಂಪಿಪಿ ವಿದ್ಯಾರ್ಥಿಗಳು ಎರಡನೇ ವರ್ಷ ನಿಜವಾದ ಒಂದು ಸಂಸ್ಥೆಗಾಗಿ ನೀತಿ ವಿಶ್ಲೇಷಣೆಯ ವರದಿ ಬರೆಯಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್ಸಿನ ಬ್ರೆನ್ ಸ್ಕೂಲಿನಲ್ಲಿ ಪರಿಸರ ನಿರ್ವಹಣೆಯ ವಿದ್ಯಾರ್ಥಿಗಳು ಗುಂಪಾಗಿ, ಹೊರಗಿನ ಸಂಸ್ಥೆಯೊಂದರ ಸಮಸ್ಯೆಯ ಮೇಲೆ ಕೆಲಸ ಮಾಡುತ್ತಾರೆ. ನಿಮಗೆ ಸೀಟು ಕೊಟ್ಟ ಎರಡೂ ಕಡೆಯಿಂದ ಹಿಂದಿನ ಎರಡು ವರ್ಷಗಳ ಯೋಜನೆಗಳ ಶೀರ್ಷಿಕೆಪಟ್ಟಿ ತರಿಸಿ, ಮೂರು ವರದಿಗಳನ್ನಾದರೂ ಪೂರ್ತಿ ಓದಿ. ಇದು ನಾನು ಬರೆಯಬೇಕಾದ ವರದಿ ಎನಿಸಿತೇ ಇಲ್ಲವೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಪ್ರಶ್ನೆ: ಜೀವವಿಜ್ಞಾನದಲ್ಲಿ ಪದವಿ ಮುಗಿಸಿದ್ದೇನೆ. ಪರಿಸರ ನಿರ್ವಹಣೆಯೇ ಸಹಜ ಮುಂದುವರಿಕೆ ಅಲ್ಲವೇ? ಅರ್ಥಶಾಸ್ತ್ರ ಓದಿದ ಗೆಳತಿ ಎಂಪಿಪಿಗೇ ಹಾಕುತ್ತಿದ್ದಾಳೆ.

ಉತ್ತರ: ಸಹಜ ಎನಿಸುವ ದಾರಿ ಇಲ್ಲಿ ಹಲವು ಸಲ ಬಡ ದಾರಿ. ಸ್ವಂತವಾಗಿ ಕಲಿಯಲು ಕಷ್ಟವಾದದ್ದನ್ನು ತರಗತಿಯಲ್ಲಿ ಕಲಿಯುವುದು ಹಣಕ್ಕೂ ಸಮಯಕ್ಕೂ ನ್ಯಾಯ. ಪರಿಸರ ವಿಜ್ಞಾನದ ತಳಹದಿ ನಿಮಗೆ ಈಗಾಗಲೇ ಇದೆ. ಎಂಇಎಂನ ಮೊದಲ ಸೆಮಿಸ್ಟರ್‌ನಲ್ಲಿ ಅರ್ಧಭಾಗ ಮರುಪಾಠವಾಗಬಹುದು. ಸೂಕ್ಷ್ಮ ಅರ್ಥಶಾಸ್ತ್ರ, ರಿಗ್ರೆಶನ್ (ಅಂಶಗಳ ನಡುವಿನ ಸಂಬಂಧ ಅಳೆಯುವ ಸಂಖ್ಯಾಶಾಸ್ತ್ರದ ವಿಧಾನ), ಬಜೆಟ್ ಓದುವ ರೀತಿ, ಎರಡು ಪುಟದ ಟಿಪ್ಪಣಿಯಲ್ಲಿ ಒಂದು ಶಿಫಾರಸನ್ನು ಸಮರ್ಥಿಸುವುದು, ಇವು ನಿಮಗೆ ಹೊಸವು. ಹಾಗೆ ನೋಡಿದರೆ ನಿಮಗೆ ಎಂಪಿಪಿ, ನಿಮ್ಮ ಗೆಳತಿಗೆ ಎಂಇಎಂ ಹೆಚ್ಚು ಕೊಡುತ್ತದೆ.

ಆದರೆ ಒಂದು ಎಚ್ಚರಿಕೆ. ಸಂದರ್ಶನ ಮಾಡುವವರು ಕೊನೆಯ ಪದವಿಯ ಹೆಸರನ್ನೇ ಮೊದಲು ನೋಡುತ್ತಾರೆ. ಹಸಿರುಮನೆ ಅನಿಲಗಳ ಲೆಕ್ಕಪಟ್ಟಿ, ಜಾಗದ ಮಾಲಿನ್ಯ ಪರಿಶೀಲನೆ, ಪರಿಸರ ಪರಿಣಾಮದ ವರದಿ, ಇವುಗಳನ್ನು ಮಾಡುವ ಸಲಹಾ ಸಂಸ್ಥೆಗಳು ಎಂಇಎಂನವರನ್ನು ನೇರವಾಗಿ ಕರೆಯುತ್ತವೆ. ಬಜೆಟ್ ಕಚೇರಿ, ಶಾಸಕಾಂಗದ ಸಿಬ್ಬಂದಿ, ಕಾರ್ಯಕ್ರಮಗಳ ಮೌಲ್ಯಮಾಪನ ಮಾಡುವ ಸಂಸ್ಥೆಗಳು ಎಂಪಿಪಿಯನ್ನು ನೋಡುತ್ತವೆ. ಮೊದಲ ಕೆಲಸ ಈ ಎರಡರಲ್ಲಿ ಯಾವ ಕಡೆ ಎಂಬುದು ನಿಮಗೆ ನಿಚ್ಚಳವಾಗಿದ್ದರೆ, ಮೇಲಿನ ನನ್ನ ವಾದವನ್ನು ಬದಿಗಿಟ್ಟು ಆ ಬಾಗಿಲಿಗೆ ಹೊಂದುವ ಪದವಿಯನ್ನೇ ಆರಿಸಿ.

ಎಂಪಿಪಿ ಎಂದರೆ ಗಣಿತ ಇರುವುದಿಲ್ಲ ಎಂಬ ನಂಬಿಕೆಯನ್ನಂತೂ ಬಿಟ್ಟುಬಿಡಿ. ಮೊದಲ ವರ್ಷ ಹೆಚ್ಚು ಜನ ತತ್ತರಿಸುವುದು ಸಂಖ್ಯಾಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲೇ. ಕೋರ್ಸು ಶುರುವಾಗುವ ಮೊದಲೇ ಅವಕಲನ, ಸಂಭವನೀಯತೆ, ಬೇಡಿಕೆ-ಪೂರೈಕೆಯ ನಕ್ಷೆಗಳನ್ನು ಕೈಯಾರೆ ಬಿಡಿಸಿ ಅಭ್ಯಾಸ ಮಾಡಿಕೊಳ್ಳಿ. ಗೆಳತಿ ಎಂಇಎಂಗೆ ಬಂದರೆ ಅವರಿಗೆ ರಸಾಯನಶಾಸ್ತ್ರ ಮತ್ತು ಪರಿಸರ ವಿಜ್ಞಾನದಲ್ಲಿ ಇಂಥದ್ದೇ ತಯಾರಿ ಬೇಕಾಗುತ್ತದೆ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಇಬ್ಬರಿಗೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಎರಡನ್ನೂ ಒಟ್ಟಿಗೆ ಮಾಡಿದರೆ?

ಉತ್ತರ: ಮಾಡಬಹುದು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಿಕೋಲಸ್ ಸ್ಕೂಲಿನ ಎಂಇಎಂ ಮತ್ತು ಸ್ಯಾನ್‌ಫರ್ಡ್ ಸ್ಕೂಲಿನ ಎಂಪಿಪಿ ಸೇರಿ ಮೂರು ವರ್ಷ. ಮಿಷಿಗನ್‌ನಲ್ಲೂ ಪರಿಸರ ಮತ್ತು ನೀತಿ ಸ್ಕೂಲುಗಳ ನಡುವೆ ಇಂಥ ಜೋಡಿ ಪದವಿ ಇದೆ. ಕೆಲವು ವಿಷಯಗಳನ್ನು ಎರಡೂ ಕಡೆ ಲೆಕ್ಕಕ್ಕೆ ಹಿಡಿಯುವುದರಿಂದ ನಾಲ್ಕು ವರ್ಷ ಮೂರಕ್ಕೆ ಇಳಿಯುತ್ತದೆ.

ಮೂರನೇ ವರ್ಷದ ಬೆಲೆ ಬರೀ ಶುಲ್ಕವಲ್ಲ, ಆ ವರ್ಷ ಕೆಲಸಕ್ಕೆ ಹೋಗಿದ್ದರೆ ಬರುತ್ತಿದ್ದ ಸಂಬಳವೂ ಸೇರಬೇಕು. ಎಡವಟ್ಟಾಗುವ ಜಾಗಗಳು ಇನ್ನೂ ಇವೆ. ಸಾಮಾನ್ಯವಾಗಿ ಎರಡೂ ಸ್ಕೂಲುಗಳಿಗೆ ಬೇರೆಬೇರೆ ಅರ್ಜಿ ಹಾಕಬೇಕು, ಒಂದು ಒಪ್ಪಿದ್ದಕ್ಕೆ ಇನ್ನೊಂದು ಒಪ್ಪಬೇಕೆಂದಿಲ್ಲ. ಒಂದು ಸ್ಕೂಲು ಕೊಟ್ಟ ವಿದ್ಯಾರ್ಥಿವೇತನ ಇನ್ನೊಂದರ ಸೆಮಿಸ್ಟರ್‌ಗಳಿಗೆ ಅನ್ವಯಿಸದೆ ಹೋಗಬಹುದು. ಎರಡರ ಕಡ್ಡಾಯ ತರಗತಿಗಳು ಒಂದೇ ವೇಳೆಗೆ ಬಿದ್ದರೆ ಬೇಸಿಗೆಯ ಇಂಟರ್ನ್‌ಶಿಪ್ ಯೋಜನೆ ತಲೆಕೆಳಗಾಗುತ್ತದೆ. ಅಂತಿಮ ಯೋಜನೆ ಒಂದೇ ಸಾಕೋ, ಎರಡು ಬೇಕೋ ಎಂಬುದನ್ನು ಸೇರುವ ಮುಂಚೆ ಇಮೇಲ್‌ನಲ್ಲಿ ಕೇಳಿ ಉತ್ತರವನ್ನು ಇಟ್ಟುಕೊಳ್ಳಿ.

ಎರಡು ಕೌಶಲಗಳೂ ದಿನನಿತ್ಯ ಬೇಕಾಗುವ ಕೆಲಸದ ಕಡೆ ನೀವು ಹೊರಟಿದ್ದರೆ ಜೋಡಿ ಪದವಿಗೆ ಅರ್ಥವಿದೆ. ಯಾವುದನ್ನು ಬಿಡಬೇಕೆಂದು ತಿಳಿಯದೆ ಎರಡನ್ನೂ ಹಿಡಿಯುವುದಾದರೆ ಬೇಡ. ಎಂಪಿಪಿಯಲ್ಲಿದ್ದುಕೊಂಡೇ ಪರಿಸರ ಸ್ಕೂಲಿನ ಮೂರು ನಾಲ್ಕು ವಿಷಯಗಳನ್ನು ಐಚ್ಛಿಕವಾಗಿ ತೆಗೆದುಕೊಳ್ಳಲು ಹಲವು ಕಡೆ ಅವಕಾಶವಿದೆ.

ಪ್ರಶ್ನೆ: ಒಂದೇ ವರ್ಷದಲ್ಲಿ ಮುಗಿಯುವ ಕೋರ್ಸುಗಳು ಹೇಗೆ?

ಉತ್ತರ: ಕೊಲಂಬಿಯಾ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ಮತ್ತು ನೀತಿಯ ಎಂಪಿಎ (ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ) 12 ತಿಂಗಳು, 54 ಕ್ರೆಡಿಟ್‌ಗಳದ್ದು, ಬೇಸಿಗೆಯಲ್ಲೇ ಶುರುವಾಗುತ್ತದೆ. ನಾಲ್ಕೈದು ವರ್ಷ ಕೆಲಸ ಮಾಡಿದವರಿಗೆ ಇಂಥ ಕೋರ್ಸು ಬಹಳ ಚೆನ್ನು. ಈಗಷ್ಟೇ ಪದವಿ ಮುಗಿಸಿದವರಿಗೆ ಇದರಲ್ಲಿ ಒಂದು ಕೊರತೆ: ನಡುವೆ ಇಂಟರ್ನ್‌ಶಿಪ್‌ಗೆ ಬೇಸಿಗೆ ಸಿಗುವುದಿಲ್ಲ. ಅನೇಕರಿಗೆ ಮೊದಲ ಕೆಲಸ ಹುಟ್ಟುವುದೇ ಆ ಬೇಸಿಗೆಯಲ್ಲಿ.

ಪ್ರಶ್ನೆ: ವೀಸಾ ದೃಷ್ಟಿಯಿಂದ ಯಾವುದು ಒಳ್ಳೆಯದು? ಪರಿಸರ ನಿರ್ವಹಣೆ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆ, ಎಂಪಿಪಿ ಇಲ್ಲ ಎನ್ನುತ್ತಾರೆ.

ಉತ್ತರ: ಪದವಿಯ ಹೆಸರಿನ ಮೇಲೆ ಅದು ನಿಂತಿಲ್ಲ. ವಿಶ್ವವಿದ್ಯಾಲಯ ಪ್ರತಿ ಕೋರ್ಸಿಗೂ ಸಿಐಪಿ ಎಂಬ ಸಂಖ್ಯಾಸಂಕೇತ ಕೊಟ್ಟಿರುತ್ತದೆ. ಆ ಸಂಕೇತ ಸರ್ಕಾರದ ಸ್ಟೆಮ್ ಪಟ್ಟಿಯಲ್ಲಿದ್ದರೆ ಎಫ್-1 ವೀಸಾದ ವಿದ್ಯಾರ್ಥಿಗೆ ಒಪಿಟಿಯ (ಓದಿದ ವಿಷಯದಲ್ಲೇ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿ) 12 ತಿಂಗಳ ಮೇಲೆ ಇನ್ನೂ 24 ತಿಂಗಳು ಕೆಲಸದ ಅವಕಾಶ ಸಿಗಬಹುದು. ಒಂದೇ ಹೆಸರಿನ ಎರಡು ಕೋರ್ಸುಗಳಿಗೆ ಬೇರೆ ಸಂಕೇತಗಳಿರುವುದುಂಟು. ಪರಿಮಾಣಾತ್ಮಕ ವಿಶ್ಲೇಷಣೆಗೆ ಒತ್ತು ಕೊಡುವ ಕೆಲವು ನೀತಿ ಕೋರ್ಸುಗಳು ಪಟ್ಟಿಯೊಳಗಿನ ಸಂಕೇತ ಪಡೆದಿವೆ. ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ನಿಮ್ಮ ಐ-20 ಪತ್ರದಲ್ಲಿ ಯಾವ ಸಂಕೇತ ಬರುತ್ತದೆ ಎಂದು ಪ್ರವೇಶ ಕಚೇರಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಆ 24 ತಿಂಗಳಿಗೆ ನಿಮ್ಮ ಉದ್ಯೋಗದಾತ ಸಂಸ್ಥೆ ನೌಕರರ ಕೆಲಸದ ಅರ್ಹತೆ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆಯಾದ ಇ-ವೆರಿಫೈನಲ್ಲಿ ನೋಂದಾಯಿಸಿರಬೇಕು. ಚಿಕ್ಕ ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಸಿಕ್ಕವರು ಮುಗ್ಗರಿಸುವುದು ಈ ಕಡೆಯ ಷರತ್ತಿನಲ್ಲಿ.

ಅಮೆರಿಕದ ಕೇಂದ್ರ ಸರ್ಕಾರದ ನೌಕರಿಗಳಿಗೆ ಬಹುತೇಕ ಪೌರತ್ವ ಬೇಕು ಎಂಬುದನ್ನೂ ಗಮನದಲ್ಲಿಡಿ. ಎಂಪಿಪಿಯವರ ಉದ್ಯೋಗ ವರದಿಯಲ್ಲಿ ಸರ್ಕಾರಿ ಕೆಲಸಗಳ ಪಾಲು ದೊಡ್ಡದಿದ್ದರೆ, ಅದರಲ್ಲಿ ನಿಮಗೆ ತೆರೆದಿರುವುದು ಎಷ್ಟು ಎಂದು ಬಿಡಿಸಿ ಕೇಳಿ. ವಿದೇಶಿ ವಿದ್ಯಾರ್ಥಿಗಳದ್ದೇ ಪ್ರತ್ಯೇಕ ಅಂಕಿಅಂಶ ಕೊಡುವ ಸ್ಕೂಲುಗಳಿವೆ. ಕೇಳದೆ ಕೊಡುವುದು ಕಡಿಮೆ.

ಪ್ರಶ್ನೆ: ಒಂದು ಕಡೆ ಹೆಚ್ಚು ವಿದ್ಯಾರ್ಥಿವೇತನ, ಇನ್ನೊಂದು ಕಡೆ ದೊಡ್ಡ ಹೆಸರು. ಹೇಗೆ ತೂಗುವುದು?

ಉತ್ತರ: ಎರಡೂ ಕೋರ್ಸುಗಳ ಪೂರ್ತಿ ಅವಧಿಯ ಶುಲ್ಕ, ಕಡ್ಡಾಯ ಆರೋಗ್ಯವಿಮೆ, ವಾಸದ ಖರ್ಚು ಸೇರಿಸಿ, ವಿದ್ಯಾರ್ಥಿವೇತನ ಕಳೆಯಿರಿ. ಎರಡನೇ ವರ್ಷಕ್ಕೂ ಅಷ್ಟೇ ಮೊತ್ತ ಸಿಗುತ್ತದೆಯೇ, ಅದಕ್ಕೆ ಅಂಕಗಳ ಷರತ್ತಿದೆಯೇ ಎಂದು ಓದಿಕೊಳ್ಳಿ. ಶುಲ್ಕ ಏರಿದಾಗ ವಿದ್ಯಾರ್ಥಿವೇತನ ಏರದಿರುವುದೇ ಹೆಚ್ಚು. ಇವು ವೃತ್ತಿಪರ ಪದವಿಗಳು. ಸಂಶೋಧನಾ ಎಂಎಸ್‌ನಲ್ಲಿ ಸಿಗುವಂತೆ ಪೂರ್ತಿ ಶುಲ್ಕ ತೀರಿಸುವ ಸಹಾಯಕ ಹುದ್ದೆಗಳು ಇಲ್ಲಿ ವಿರಳ.

ಉದ್ಯೋಗ ವರದಿ ಓದುವಾಗ ಸರಾಸರಿ ಸಂಬಳಕ್ಕಿಂತ ಮೊದಲು ಎಷ್ಟು ಮಂದಿ ಉತ್ತರಿಸಿದ್ದಾರೆ ಎಂಬುದನ್ನು ನೋಡಿ. ನೂರರಲ್ಲಿ 40 ಮಂದಿ ಮಾತ್ರ ಸಂಬಳ ಹೇಳಿದ್ದರೆ, ಆ ಸಂಖ್ಯೆ ಹೆಚ್ಚಾಗಿ ಒಳ್ಳೆಯ ಕೆಲಸ ಸಿಕ್ಕವರದ್ದು. ಓದಲು ಬರುವ ಮುಂಚೆ ಇದ್ದ ಕೆಲಸಕ್ಕೇ ಮರಳಿದವರನ್ನೂ ಉದ್ಯೋಗ ಸಿಕ್ಕವರ ಲೆಕ್ಕಕ್ಕೆ ಹಾಕಿದ್ದಾರೆಯೇ ಎಂದು ಕೇಳಿ.

ಹೆಚ್ಚು ಸಹಾಯ ಕೇಳುವುದರಲ್ಲಿ ತಪ್ಪಿಲ್ಲ. ಇನ್ನೊಂದು ಸ್ಕೂಲಿನ ಪತ್ರವನ್ನು ಲಗತ್ತಿಸಿ, ಎಷ್ಟು ಮೊತ್ತ ಸಿಕ್ಕರೆ ಸೇರುತ್ತೀರಿ ಎಂದು ನೇರವಾಗಿ, ಅರ್ಧ ಪುಟದಲ್ಲಿ ಬರೆಯಿರಿ. ಏಪ್ರಿಲ್ 15ರವರೆಗೆ ಆರ್ಥಿಕ ನೆರವಿನ ಪ್ರಸ್ತಾಪಕ್ಕೆ ಉತ್ತರಿಸುವಂತೆ ಒತ್ತಾಯಿಸುವುದಿಲ್ಲ ಎಂಬ ಒಪ್ಪಂದಕ್ಕೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ವೃತ್ತಿಪರ ಕೋರ್ಸುಗಳೆಲ್ಲ ಅದರಡಿ ಬರುವುದಿಲ್ಲವಾದ್ದರಿಂದ ನಿಮ್ಮ ಪತ್ರದಲ್ಲಿರುವ ಗಡುವನ್ನೇ ನಂಬಿ. ಕಡೇ ವಾರದವರೆಗೆ ಕಾಯದೆ ಮಾರ್ಚ್ ಕೊನೆಯೊಳಗೆ ಬರೆದರೆ, ಬೇರೆಯವರು ಬಿಟ್ಟುಕೊಟ್ಟ ಹಣ ಹಂಚಿಕೆಯಾಗುವಾಗ ನಿಮ್ಮ ಅರ್ಜಿ ಅವರ ಮೇಜಿನ ಮೇಲಿರುತ್ತದೆ.