ಓದಿದ ಪುಸ್ತಕ ಸಂಜೆ ಏಳಕ್ಕೆ ಏಕೆ ನೆನಪಾಗುವುದಿಲ್ಲ?

ಪ್ರಶ್ನೆ: ಕುಡಿತ ಬಿಡಬೇಕೆಂದು ಮೂರು ವರ್ಷದಿಂದ ಎಂಟೊಂಬತ್ತು ಪುಸ್ತಕ ಓದಿದ್ದೇನೆ. ಓದುವಾಗ ಇದು ನನ್ನದೇ ಕಥೆ ಅನ್ನಿಸುತ್ತದೆ. ಎರಡು ದಿನ ಹುರುಪು, ಮೂರನೇ ಸಂಜೆ ಮತ್ತೆ ಅದೇ. ಪುಸ್ತಕದಿಂದ ನನ್ನಂಥವರಿಗೆ ಪ್ರಯೋಜನ ಉಂಟೆ?

ಉಂಟು. ಆದರೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ನೀವು ದಿನಾ ಕುಡಿಯುವವರಾಗಿದ್ದು, ಬೆಳಿಗ್ಗೆ ಕೈ ನಡುಗಿ, ಒಂದು ಗುಟುಕು ಬಿದ್ದ ಮೇಲೆ ನಿಲ್ಲುತ್ತದೆ ಅಂತಾದರೆ, ಯಾವ ಪುಸ್ತಕ ಹೇಳಿದರೂ ಒಮ್ಮೆಲೇ ನಿಲ್ಲಿಸಬೇಡಿ. ಕೊನೆಯ ಗುಟುಕಿನ 6ರಿಂದ 12 ಗಂಟೆಯೊಳಗೆ ನಡುಕ, ಬೆವರು, ಗಾಬರಿ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುವುದು, ದಿಕ್ಕುತಪ್ಪಿ ಮಾತಾಡುವುದು ಬರುತ್ತದೆ, ಇದು ಪ್ರಾಣಕ್ಕೇ ಅಪಾಯ. ನಿದ್ರೆಗೆಂದೋ ಆತಂಕಕ್ಕೆಂದೋ ಬಹುಕಾಲ ನುಂಗಿದ ಮಾತ್ರೆಗಳನ್ನು ತಟಕ್ಕನೆ ಬಿಟ್ಟರೂ ಫಿಟ್ಸ್ ಬರುವುದುಂಟು. ಈ ಮೊದಲ ವಾರ ಡಾಕ್ಟರ ಕೈಯಲ್ಲಿರಲಿ. ಅವರು ಔಷಧಿಯ ಜೊತೆ ವಿಟಮಿನ್ ಬಿ1 ಕೂಡ ಕೊಡುತ್ತಾರೆ. ಪುಸ್ತಕದ ಕೆಲಸ ಅದಾದ ಮೇಲೆ.

ಇನ್ನು ಆ ಎರಡು ದಿನದ ಹುರುಪು. ಬಿಡುತ್ತೇನೆ ಎಂದು ತೀರ್ಮಾನಿಸಿದ ಕ್ಷಣವೇ ಅರ್ಧ ಬಿಟ್ಟಂತೆ ಮನಸ್ಸು ಹಗುರಾಗುತ್ತದೆ. ಹಗುರಾದ ಮನಸ್ಸು ಮುಂದಿನ ಕೆಲಸ ಮಾಡುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಓದುವ ಹೊತ್ತಿನದು. ಹೆಚ್ಚಿನವರು ಓದುವುದು ಕುಡಿದ ಮರುದಿನ, ಪಶ್ಚಾತ್ತಾಪದಲ್ಲಿ. ಆಸೆ ಬರುವುದು ಸಂಜೆ ಏಳಕ್ಕೆ, ದಣಿವು-ಹಸಿವು-ಸಿಟ್ಟಿನಲ್ಲಿ. ಆ ತಲೆಯಲ್ಲಿ ಓದಿದ್ದು ಈ ತಲೆಗೆ ಒದಗುವುದಿಲ್ಲ. ಹಾಗಾಗಿ ಮಾಮೂಲಿ ಕುಡಿಯುವ ಹೊತ್ತಿಗೆ ಒಂದು ಗಂಟೆ ಮುಂಚೆ, ಏನಾದರೂ ತಿಂದು, ಕೂತು ಓದಿ. ಹದಿನೈದು ನಿಮಿಷ, ನಾಲ್ಕೈದು ಪುಟ, ಹೆಚ್ಚು ಬೇಡ.

ಪುಸ್ತಕ ಒಂದೇ ಇರಲಿ. ಯಾವುದೆಂದು ಆರಿಸಲು ನಡುವಿನ ಯಾವುದಾದರೂ ಅಧ್ಯಾಯ ತೆಗೆದು ಕೊನೆಯ ಪುಟ ನೋಡಿ: ಇವತ್ತೇ ಮಾಡಬೇಕಾದದ್ದು ಏನಾದರೂ ಇದೆಯೇ? ಬರೀ ಅನುಭವ ಕಥನವಾದರೆ ಒಂಟಿತನ ನೀಗಲು ಒಳ್ಳೆಯದು, ದಾರಿ ತೋರಿಸಲು ಸಾಲದು. ಇಂಥ ಕಥನಗಳಲ್ಲಿ ಕುಡಿತದ ವರ್ಣನೆಯೇ ಪುಟಗಟ್ಟಲೆ ಇರುತ್ತದೆ, ಗ್ಲಾಸು, ಐಸು, ಮೊದಲ ಗುಟುಕಿನ ಬಿಸಿ. ಓದುತ್ತ ಬಾಯಲ್ಲಿ ನೀರೂರಿದರೆ ಆ ಪುಟ ಹಾರಿಸಿ, ನಾಚಿಕೆಪಡುವಂಥದ್ದೇನಿಲ್ಲ.

ಅಡಿಗೆರೆ ಹಾಕುವುದನ್ನು ಬಿಡಿ. ಬದಲಿಗೆ ಪ್ರತಿದಿನ ಒಂದು ವಾಕ್ಯ ಬರೆಯಿರಿ: ‘ಹೀಗಾದರೆ, ಹೀಗೆ ಮಾಡುತ್ತೇನೆ.’ ‘ಒತ್ತಡವಾದರೆ ಶಾಂತವಾಗಿರುತ್ತೇನೆ’ ಎಂದು ಬರೆದರೆ ಅದು ಕೆಲಸಕ್ಕೆ ಬಾರದ ವಾಕ್ಯ, ಏಕೆಂದರೆ ಮಾಡಬೇಕಾದದ್ದು ಏನೂ ಅದರಲ್ಲಿಲ್ಲ. ‘ಆಫೀಸಿನಿಂದ ಹೊರಟು ಅಂಗಡಿಯ ತಿರುವು ಬಂದರೆ, ತಿರುಗದೆ ನೇರ ಹೋಗುತ್ತೇನೆ, ಹೋಗುತ್ತಲೇ ತಮ್ಮನಿಗೆ ಫೋನ್ ಮಾಡುತ್ತೇನೆ’ ಎಂಬುದು ಸರಿ. ತಮ್ಮ ಫೋನ್ ಎತ್ತದಿದ್ದರೆ? ಎರಡನೆಯ ಹೆಸರೂ ಅಲ್ಲೇ ಬರೆದಿರಬೇಕು. ಕೆಟ್ಟುಹೋಗುವುದು ಸಾಮಾನ್ಯವಾಗಿ ಇಲ್ಲೇ. ಬರೆದದ್ದನ್ನು ಎರಡು ಸಲ ಬಳಸಿ ನೋಡುವವರೆಗೆ ಮುಂದಿನ ಅಧ್ಯಾಯಕ್ಕೆ ಹೋಗಬೇಡಿ.

ಜೊತೆಗೊಂದು ಆಸೆಯ ಲೆಕ್ಕ ಇಡಿ. ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ, ಆಸೆಯ ಜೋರು ಹತ್ತಕ್ಕೆ ಎಷ್ಟು, ಏನು ಮಾಡಿದಿರಿ, ಅರ್ಧ ಗಂಟೆಯ ನಂತರ ಹತ್ತಕ್ಕೆ ಎಷ್ಟು. ಬೆಲೆಯಿರುವುದು ಕೊನೆಯ ಕಾಲಮ್ಮಿಗೆ. ಆಸೆ ಅಲೆಯ ಹಾಗೆ ಏರಿ, ತಣಿಸದಿದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿದರೆ ನಂಬಿಕೆ ಬರುವುದಿಲ್ಲ, ನಿಮ್ಮದೇ ಅಕ್ಷರದಲ್ಲಿ ‘8, ಆಮೇಲೆ 3’ ಎಂದು ಹತ್ತು ಸಲ ಕಂಡರೆ ಬರುತ್ತದೆ. ಜನ ಕುಡಿದ ದಿನಗಳನ್ನಷ್ಟೇ ಬರೆಯುತ್ತಾರೆ. ಕುಡಿಯದೆ ದಾಟಿದ್ದನ್ನೂ ಬರೆಯಿರಿ.

ಎಡವಿದಿರಿ ಅಂದುಕೊಳ್ಳೋಣ. ಒಂದು ಪೆಗ್ಗಿಗಿಂತ ಅದರ ಹಿಂದೆಯೇ ಬರುವ ‘ಎಲ್ಲ ಹಾಳಾಯಿತು, ಇನ್ನೇನು’ ಎಂಬ ಯೋಚನೆ ಹೆಚ್ಚು ಕುಡಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಚಟ ಮರುಕಳಿಸುವುದರ ಬಗ್ಗೆ ಮಾಡಿದ ಕೆಲಸದ ತಿರುಳೇ ಇದು. ಆ ಹೊತ್ತಿಗಾಗಿ ಒಂದು ಚೀಟಿ ಮೊದಲೇ ಜೇಬಿನಲ್ಲಿರಲಿ: ಗ್ಲಾಸು ಕೆಳಗಿಡು, ಜಾಗ ಬಿಡು, ಇಂಥವರಿಗೆ ಹೇಳು, ನಾಳೆ ಅದೇ ಹೊತ್ತಿಗೆ ಅದೇ ಪುಟ. ಹೊಸ ಪುಸ್ತಕ ತರಬೇಡಿ. ಮತ್ತೆ ಮೊದಲ ಅಧ್ಯಾಯದಿಂದ ಶುರುಮಾಡುವ ಸುಖವೂ ಒಂದು ನಶೆಯೇ.

ಇಷ್ಟಾದರೂ ಒಬ್ಬರೇ ಓದುವುದಕ್ಕೊಂದು ಮಿತಿ ಇದೆ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಶುರುವಾದದ್ದು ಕುಡಿತಕ್ಕೆ ಬಿದ್ದಿದ್ದ ಇಬ್ಬರು ಗಂಡಸರ ಮಾತುಕತೆಯಿಂದ, ಅವರ ಪುಸ್ತಕ ಬಂದದ್ದು 1939ರಲ್ಲಿ. ಕುಡಿತ ಬಿಡಲು ಅವರು ಹಾಕಿಕೊಂಡ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು ತನ್ನ ನಡತೆಯನ್ನು ತಾನೇ ತಪಾಸಣೆ ಮಾಡಿಕೊಳ್ಳುವುದು, ಇದನ್ನು ಸಾಮಾನ್ಯವಾಗಿ ಬರೆದೇ ಮಾಡುತ್ತಾರೆ. ಐದನೆಯದು ಆ ತಪ್ಪುಗಳನ್ನು ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳುವುದು. ಅವರ ದೇವರ ಮಾತು ನಿಮಗೆ ಒಗ್ಗದಿದ್ದರೂ ಈ ಕ್ರಮವನ್ನು ಎರವಲು ಪಡೆಯಿರಿ: ವಾರಕ್ಕೊಮ್ಮೆ ನಿಮ್ಮ ಲೆಕ್ಕದ ಹಾಳೆಯನ್ನು ಒಬ್ಬರಿಗೆ ಓದಿ ಹೇಳಿ.

ಪ್ರಶ್ನೆ: ನೋವು ಕೊಟ್ಟ ಸಂಬಂಧದಿಂದ ಹೊರಬಂದು ಐದು ತಿಂಗಳಾಯಿತು. ಅಂಥ ನೋವು ಕೊಡುವ ಗಂಡಸರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತೇನೆ, ಪ್ರತಿ ಲಕ್ಷಣವೂ ಅವನಿಗೆ ಹೊಂದುತ್ತದೆ. ಆದರೂ ದಿನಕ್ಕೆ ಹತ್ತು ಸಲ ಅವನ ಪ್ರೊಫೈಲ್ ನೋಡದೆ ಇರಲಾರೆ.

ಅವನ ಬಗ್ಗೆ ಓದುವುದೂ ಅವನ ಜೊತೆ ಇರುವ ಒಂದು ರೀತಿ. ನೀವು ಓದಿ ಬರೆದಿಟ್ಟ ಟಿಪ್ಪಣಿಗಳಲ್ಲಿ ‘ಅವನು’ ಎಂದು ಶುರುವಾಗುವ ಸಾಲೆಷ್ಟು, ‘ನಾನು’ ಎಂದು ಶುರುವಾಗುವುದೆಷ್ಟು ಎಂದು ಎಣಿಸಿ. ಅವನಿಗೆ ರೋಗದ ಹೆಸರು ಇಡುವುದು ಮನೋವೈದ್ಯರ ಕೆಲಸ, ಅದೂ ಎದುರು ಕೂರಿಸಿಕೊಂಡು. ಲಕ್ಷಣಪಟ್ಟಿಯ ಓದು ಸಾಕುಮಾಡಿ.

ಬಿಡಲಾಗದಿರುವುದಕ್ಕೆ ಕಾರಣ ನಿಮ್ಮ ದೌರ್ಬಲ್ಯವಲ್ಲ. ಕೊಕ್ಕಿನಿಂದ ಗುಂಡಿ ಒತ್ತಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಕೈಬಿಡುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದದ್ದು ಬಹಳ ಹೊತ್ತು ಒತ್ತುತ್ತಲೇ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇದನ್ನು ಪ್ರಯೋಗಗಳಲ್ಲಿ ತೋರಿಸಿದರು. ಜೂಜಿನ ಯಂತ್ರ ನಡೆಯುವುದೂ ಹೀಗೆಯೇ. ನಾಲ್ಕು ದಿನ ಮೌನ, ಐದನೇ ದಿನ ಒಂದು ಸಿಹಿ ಮೆಸೇಜು, ನೀವು ಪಳಗಿದ್ದು ಇದಕ್ಕೆ. ಬ್ಲಾಕ್ ಮಾಡಿದ ಹೊಸದರಲ್ಲಿ ಚಡಪಡಿಕೆ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ, ಆಗ ‘ಇದು ನಿಜವಾದ ಪ್ರೀತಿ’ ಎಂದು ತಪ್ಪು ತಿಳಿಯಬೇಡಿ. ಒಮ್ಮೆ ಇಣುಕಿದರೂ ಆ ಪಾರಿವಾಳಕ್ಕೆ ಮತ್ತೊಂದು ಕಾಳು ಸಿಕ್ಕಂತೆ.

ನೋಡಬೇಕೆನಿಸಿದಾಗ ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಈಗ ಕಾಡುತ್ತಿರುವ ಒಳ್ಳೆಯ ನೆನಪು, ಬಲಕ್ಕೆ ಅದರ ಹಿಂದಿನ ದಿನ ಏನಾಗಿತ್ತು ಎಂಬುದು. ಬಲಭಾಗವನ್ನು ತುಂಬದೆ ಫೋನ್ ಮುಟ್ಟಬಾರದು. ಆಳದ ನೋವಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಪರೀಕ್ಷಿಸಿದ ಕ್ರಮವನ್ನೂ ಪ್ರಯತ್ನಿಸಬಹುದು: ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಪ್ಪುಒಪ್ಪು ನೋಡದೆ ಬರೆಯುವುದು. ಬರೆದ ಕೂಡಲೇ ಮನಸ್ಸು ಭಾರವಾಗುವುದು ಮಾಮೂಲು. ಆದರೆ ನಿದ್ದೆ ಕೆಟ್ಟು, ಆ ಘಟನೆ ಈಗಲೇ ನಡೆಯುತ್ತಿದೆ ಎನ್ನುವಂತೆ ಮೈ ನಡುಗಿದರೆ ನಿಲ್ಲಿಸಿ ಆಪ್ತಸಮಾಲೋಚಕರನ್ನು ಕಾಣಿ.

ಅಲ್ಲಿ ಹೊಡೆತ, ಬೆದರಿಕೆ ಇತ್ತು ಅಂತಾದರೆ ಸಂಬಂಧ ಉಳಿಸಿಕೊಳ್ಳುವ, ಕ್ಷಮಿಸುವ ಪುಸ್ತಕಗಳು ನಿಮಗೆ ಸಲ್ಲವು. ಬಿಟ್ಟುಬಂದ ನಂತರದ ತಿಂಗಳುಗಳು ಅಪಾಯದವು. ಅವನಿಗೆ ಗೊತ್ತಿರುವ ಪಾಸ್‌ವರ್ಡುಗಳನ್ನು ಮೊದಲು ಬದಲಿಸಿ, ಓದು ಆಮೇಲಾಗಲಿ.

ಪ್ರಶ್ನೆ: ಕೈ ತೊಳೆಯುವ ಗೀಳಿಗೂ ಇದೇ ರೀತಿಯ ಓದು ಸಾಕೇ?

ಸಾಲದು. ಚಟ ಆಸೆಯಿಂದ ಎಳೆಯುತ್ತದೆ, ಈ ಗೀಳು ಭಯದಿಂದ ತಳ್ಳುತ್ತದೆ. ಇದರಲ್ಲಿ ಓದೇ ಗೀಳಿನ ಭಾಗವಾಗಬಲ್ಲದು. ‘ನನಗೇನೂ ಆಗುವುದಿಲ್ಲ ತಾನೇ’ ಎಂದು ಖಾತ್ರಿಗಾಗಿ ಪುಟ ತಿರುವುವುದೂ ಮತ್ತೊಮ್ಮೆ ಕೈ ತೊಳೆದಂತೆ. ಮುಟ್ಟಿ, ತೊಳೆಯದೆ, ಭಯ ಏನು ಮಾಡುತ್ತದೆಂದು ನೋಡುವ ಅಭ್ಯಾಸವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಚಿಕಿತ್ಸೆ ಇದೆ. ಪುಸ್ತಕ ಅದರ ಹೋಂವರ್ಕ್ ಆಗಬಹುದು, ಅಷ್ಟೆ.

ಪ್ರಶ್ನೆ: ಕುಡಿಯುವ ಅಣ್ಣನ ದಿಂಬಿನ ಪಕ್ಕ ಚಟ ಬಿಡುವ ಬಗೆಗಿನ ಪುಸ್ತಕವೊಂದನ್ನು ಇಡಬಹುದೇ?

ಇಡಬೇಡಿ, ಅವರಿಗೆ ಅದು ಆರೋಪಪಟ್ಟಿಯ ಹಾಗೆ ಕಾಣುತ್ತದೆ. ಕುಡಿಯುವವರ ಮನೆಯವರಿಗೆಂದೇ ಬರೆದದ್ದನ್ನು ನೀವು ಓದಿ. ಅಮಲಿನಲ್ಲಿದ್ದಾಗ ವಾದ ಬೇಡ, ಅವರ ಪರವಾಗಿ ಆಫೀಸಿಗೆ ಸುಳ್ಳು ಹೇಳುವುದೂ ಬೇಡ. ಕುಡಿಯದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಮಾತಾಡಿ. ಕೇಳುವ ಮೊದಲೇ ಡಾಕ್ಟರ ಸಮಯ ಗೊತ್ತುಮಾಡಿಟ್ಟುಕೊಂಡಿದ್ದು, ಒಂದು ಬೆಳಿಗ್ಗೆ ‘ಅಣ್ಣಾ, ನಾಳೆ ಹತ್ತು ಗಂಟೆಗೆ ಡಾಕ್ಟರ್ ಸಿಗ್ತಾರೆ, ನಾನೂ ಬರ್ತೀನಿ, ಹೋಗೋಣ್ವಾ?’ ಅನ್ನಿ. ಬೇಡ ಅಂದರೆ ಬಿಟ್ಟುಬಿಡಿ, ಮುಂದಿನ ವಾರ ಮತ್ತೆ ಕೇಳಿ.